ಎಷ್ಟು ನೀರು, ಯಾವ ನೀರು

ಬೇಸಿಗೆ ಬಂತೆಂದರೆ ನಮ್ಮ ಸೀಮೆಯ ದವಾಖಾನೆಗಳಲ್ಲಿ ಪದೇ ಪದೇ ಕೇಳಿಬರುವ ಮಾತು ಒಂದೇ: ನೀರು ಜಾಸ್ತಿ ಕುಡೀರಿ. ಉರಿಮೂತ್ರ ಎಂದು ಬಂದವರಿಗೂ ಅದೇ, ಕಿಡ್ನಿಯಲ್ಲಿ ಹರಳಾಗಿ ಪಕ್ಕೆ ಹಿಡಿದುಕೊಂಡು ಬಂದವರಿಗೂ ಅದೇ, ಮಲಬದ್ಧತೆಗೂ ತಲೆಸುತ್ತಿಗೂ ಅದೇ. ಕೇಳಿಸಿಕೊಂಡವರು ಹೂಂ ಎನ್ನುತ್ತಾರೆ. ಮನೆಗೆ ಹೋಗಿ ನಾಲ್ಕು ದಿನ ತಂಬಿಗೆ ತುಂಬಿಟ್ಟುಕೊಂಡು ಕುಡಿಯುತ್ತಾರೆ, ಐದನೆಯ ದಿನ ಮರೆಯುತ್ತಾರೆ. ಹೇಳಿದರೂ ಕೇಳಲಿಲ್ಲ ಎಂಬ ದೂರು ಅವರ ಮೇಲೆಯೇ ಬೀಳುತ್ತದೆ. ನನಗೆ ಆ ದೂರು ಸರಿಯೆನಿಸುವುದಿಲ್ಲ. ಎಷ್ಟು ಕುಡಿಯಬೇಕು, ಯಾವಾಗ ಕುಡಿಯಬೇಕು, ಯಾವ ನೀರು ಕುಡಿಯಬೇಕು, ಕುಡಿದ ಮೇಲೆ ಎದ್ದು ಹೋಗಲು ಜಾಗವೆಲ್ಲಿದೆ ಎಂಬುದನ್ನು ಹೇಳದ ಸಲಹೆ ಅರ್ಧ ಸಲಹೆ. ಉಳಿದರ್ಧವನ್ನು ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿಯಂಥ ಊರನ್ನು ಕಣ್ಣೆದುರು ಇಟ್ಟುಕೊಂಡು ಬಿಡಿಸಿ ನೋಡೋಣ. ನೇಕಾರಿಕೆಗೆ ಹೆಸರಾದ ಊರದು. ಸುತ್ತ ಶೇಂಗಾ, ಹೆಸರು, ಹತ್ತಿ, ಮೆಣಸಿನಕಾಯಿ ಬೆಳೆಯುವ ಹೊಲಗಳು. ಮಗ್ಗದ ಮುಂದೆ ಕುಳಿತವರೂ ಬಿಸಿಲಲ್ಲಿ ಬಾಗಿದವರೂ ಒಂದೇ ಓಣಿಯಲ್ಲಿ ಸಿಗುತ್ತಾರೆ.

ಮೊದಲು ಲೆಕ್ಕ. ದಿನಕ್ಕೆ ಎಂಟು ಲೋಟ ಎಂಬ ಮಾತಿನ ಬೇರು ಹುಡುಕಿದವರು ಸಾಮಾನ್ಯವಾಗಿ 1945ಕ್ಕೆ ಹೋಗಿ ನಿಲ್ಲುತ್ತಾರೆ. ಆ ವರ್ಷ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ, ವಯಸ್ಕರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕೆಂದು ಬರೆಯಿತು. ಅದರ ಬೆನ್ನಿಗೇ, ಇದರಲ್ಲಿ ಬಹುಪಾಲು ನಾವು ಉಣ್ಣುವ ಅಡುಗೆಯಲ್ಲೇ ಇರುತ್ತದೆ ಎಂದೂ ಬರೆದಿತ್ತು. ಜನ ಮೊದಲ ವಾಕ್ಯ ಹಿಡಿದುಕೊಂಡರು, ಎರಡನೆಯದನ್ನು ಬಿಟ್ಟರು. ಮೂತ್ರಪಿಂಡದ ಕಾರ್ಯವಿಧಾನವನ್ನು ಜೀವಮಾನವಿಡೀ ಅಧ್ಯಯನ ಮಾಡಿದ ಹೈಂಜ್ ವಾಲ್ಟಿನ್ ಅವರು ಎಂಟು ಲೋಟದ ನಿಯಮಕ್ಕೆ ವೈಜ್ಞಾನಿಕ ಆಧಾರವಿದೆಯೇ ಎಂದು ಹುಡುಕಿ, ಆರೋಗ್ಯವಂತ ವಯಸ್ಕರೆಲ್ಲರಿಗೂ ಅದನ್ನು ಅನ್ವಯಿಸುವ ಆಧಾರ ಸಿಗಲಿಲ್ಲವೆಂದು 2002ರಲ್ಲಿ ಬರೆದರು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 23 ದೇಶಗಳ 5,604 ಜನರ ದೇಹದಲ್ಲಿ ದಿನವೊಂದಕ್ಕೆ ಎಷ್ಟು ನೀರು ಒಳಬಂದು ಹೊರಹೋಗುತ್ತದೆ ಎಂದು ಅಳೆಯಿತು. ವಯಸ್ಸು, ಮೈಯ ಗಾತ್ರ, ದುಡಿಮೆ, ಸೆಕೆ ಬದಲಾದಂತೆ ಅಳತೆಯೂ ದೊಡ್ಡ ಅಂತರದಲ್ಲಿ ಬದಲಾಯಿತು. ಎಲ್ಲರಿಗೂ ಹೊಂದುವ ಒಂದು ಅಂಕಿ ಇಲ್ಲ.

ಹಾಗೆಂದು ಎಂಟು ಲೋಟ ಸುಳ್ಳು, ಬಾಯಾರಿದಾಗ ಕುಡಿದರಾಯಿತು ಎಂದು ಕೈತೊಳೆದುಕೊಳ್ಳುವಂತಿಲ್ಲ. ಕಾರಣ ನಮ್ಮ ಗಂಗಾಳದಲ್ಲೇ ಇದೆ. ಬೆಂದ ಅನ್ನದ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೀರೇ. ಅಂಬಲಿ, ನುಚ್ಚು, ಮಜ್ಜಿಗೆಯಲ್ಲಿ ಇನ್ನೂ ಹೆಚ್ಚು. ಬಿಸಿ ರೊಟ್ಟಿಯಲ್ಲಿ ಕಡಿಮೆ, ವಾರಗಟ್ಟಲೆ ಇಡುವ ಕಟಕ ರೊಟ್ಟಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅನ್ನ, ಸಾರು ಉಣ್ಣುವ ಕರಾವಳಿಯವರಿಗೆ ಊಟವೇ ತಂದುಕೊಡುವ ನೀರು, ರೊಟ್ಟಿ, ಶೇಂಗಾ ಚಟ್ನಿ, ಕೆಂಪುಖಾರ ಕಟ್ಟಿಕೊಂಡು ಹೊಲಕ್ಕೆ ಹೋದವರಿಗೆ ಸಿಗುವುದಿಲ್ಲ. ಅದನ್ನು ತಂಬಿಗೆಯಿಂದಲೇ ತುಂಬಿಕೊಳ್ಳಬೇಕು. ನಮ್ಮ ಹಿರಿಯರು ರೊಟ್ಟಿಯ ಬೆನ್ನಿಗೆ ಮಜ್ಜಿಗೆ ಕುಡಿಯದೆ ಏಳುತ್ತಿರಲಿಲ್ಲ. ಆ ಮಜ್ಜಿಗೆಯ ಜಾಗಕ್ಕೆ ಈಗ ಅರ್ಧ ಕಪ್ಪು ಚಹಾ ಬಂದಿದೆ. ನೆರಳಲ್ಲಿ ಕೆಲಸ ಮಾಡುವ ವಯಸ್ಕರು ಸುಮಾರು ಎರಡು ಲೀಟರ್ ಕುಡಿಯುವುದು ಒಳ್ಳೆಯ ಅಂದಾಜು. ಏಪ್ರಿಲ್‌ ಬಿಸಿಲಲ್ಲಿ ದುಡಿಯುವವರಿಗೆ ಅದು ಸಾಲುವುದೇ ಇಲ್ಲ.

ಲೋಟ ಎಣಿಸುವುದಕ್ಕಿಂತ ಮೂತ್ರದ ಬಣ್ಣ ನೋಡುವುದು ಸುಲಭ. ತಿಳಿ ಹಳದಿಯಿದ್ದರೆ ಸಾಕಷ್ಟು ಕುಡಿದಿದ್ದೀರಿ. ಗಾಢವಾಗಿದ್ದರೆ, ಪ್ರಮಾಣ ಕಡಿಮೆಯಿದ್ದರೆ ಕೊರತೆಯಿದೆ. ಬಿ ಕಾಂಪ್ಲೆಕ್ಸ್ ಗುಳಿಗೆ ನುಂಗುವವರಿಗೆ ಮಾತ್ರ ಈ ಗುರುತು ನಡೆಯದು, ಆ ಗುಳಿಗೆಯೇ ಹಳದಿ ಮಾಡುತ್ತದೆ. ಹರಳಿನ ತೊಂದರೆ ಒಮ್ಮೆ ಆದವರಿಗೆ ಅಳತೆ ಸ್ಪಷ್ಟವಾಗಿದೆ. ಇಟಲಿಯಲ್ಲಿ ಮೊದಲ ಸಲ ಹರಳಾದ 199 ಜನರನ್ನು ಐದು ವರ್ಷ ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಎರಡು ಲೀಟರ್ ಮೂತ್ರ ಬರುವಷ್ಟು ನೀರು ಕುಡಿದವರಲ್ಲಿ ಶೇ 12ರಷ್ಟು ಜನರಿಗೆ ಹರಳು ಮರಳಿತು. ಹಾಗೆ ಕುಡಿಯದವರಲ್ಲಿ ಅದು ಶೇ 27. ಔಷಧವಿಲ್ಲದೆ, ಬರೀ ನೀರಿನಿಂದ ಸಿಕ್ಕ ಅಂತರವಿದು.

ನೀರಡಿಕೆಯನ್ನು ಪೂರ್ತಿ ನಂಬುವುದೂ ಕಷ್ಟ. ರಕ್ತದಲ್ಲಿ ನೀರಿನ ಅಂಶ ಚೂರು ಇಳಿದರೂ ಮೆದುಳಿನ ಹೈಪೊಥಲಮಸ್ ಅದನ್ನು ಗುರುತಿಸಿ ವ್ಯಾಸೋಪ್ರೆಸಿನ್ ಎಂಬ ಹಾರ್ಮೋನು ಬಿಡಿಸುತ್ತದೆ. ಮೂತ್ರಪಿಂಡ ನೀರು ಹಿಡಿದಿಟ್ಟುಕೊಳ್ಳಲು ತೊಡಗುತ್ತದೆ. ಕೊರತೆ ಇನ್ನಷ್ಟು ಹೆಚ್ಚಿದ ಮೇಲೆ ಬಾಯಿ ಒಣಗಿ, ಕುಡಿಯಬೇಕು ಅನಿಸುತ್ತದೆ. ಹರೆಯದವರಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ವಯಸ್ಸಾದಂತೆ ನೀರಡಿಕೆಯ ಅರಿವು ಮೊಂಡಾಗುತ್ತದೆ. ಮನೆಯ ಅಜ್ಜ ಬೇಡ ಎಂದರೂ ಕೈಗೆ ಲೋಟ ಕೊಡಬೇಕಾದದ್ದು ಅದಕ್ಕೇ. ಕೆಲಸದಲ್ಲಿ ಮುಳುಗಿದವರಿಗೆ ನೀರಡಿಕೆ ಆಗುತ್ತದೆ, ಆದರೆ ಇನ್ನೊಂದು ಮೊಳ ನೇಯ್ದು ಏಳೋಣ, ಇನ್ನೊಂದು ಸಾಲು ಕಳೆ ತೆಗೆದು ಹೋಗೋಣ ಎಂದು ಮುಂದಕ್ಕೆ ಹೋಗುತ್ತದೆ.

ರೂಢಿಯ ಮಾತು ಬರುವುದು ಇಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ಮಾಡಿದ ಅಧ್ಯಯನ ಇದಕ್ಕೆ ತುಂಬ ಹತ್ತಿರದ್ದು. ಪ್ರತಿಯೊಬ್ಬರೂ ತಿನ್ನುವ, ಕುಡಿಯುವ ಅಥವಾ ವ್ಯಾಯಾಮದ ಒಂದು ಹೊಸ ಅಭ್ಯಾಸವನ್ನು ಆರಿಸಿಕೊಂಡು, ದಿನದಲ್ಲಿ ಹೇಗೂ ನಡೆಯುವ ಒಂದು ಸಂಗತಿಗೆ ಅದನ್ನು ಕಟ್ಟಿಕೊಂಡರು. ಬೆಳಗಿನ ತಿಂಡಿಯಾದ ಮೇಲೆ ಒಂದು ಲೋಟ ನೀರು ಎಂಬಂತೆ. ಯೋಚಿಸದೆಯೇ ಕೈ ಲೋಟಕ್ಕೆ ಹೋಗುವಂತಾಗಲು ಬೇಕಾದ ಕಾಲ ಒಬ್ಬೊಬ್ಬರಿಗೆ ಒಂದೊಂದು: ಅವರ ಅಂದಾಜಿನಲ್ಲಿ 18 ದಿನದಿಂದ 254 ದಿನದವರೆಗೆ, ನಡುವಿನ ಲೆಕ್ಕ 66 ದಿನ. ನೀರು ಕುಡಿಯುವಂಥ ಸರಳ ಕೆಲಸ ಬೇಗ ರೂಢಿಯಾಯಿತು, ವ್ಯಾಯಾಮ ತಡವಾಯಿತು. ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ನಡುವೆ ಒಂದು ದಿನ ತಪ್ಪಿದರೆ ರೂಢಿ ಕೆಡಲಿಲ್ಲ. ನಾಲ್ಕು ದಿನ ಕುಡಿದು ಐದನೆಯ ದಿನ ಮರೆತವರು ಸೋತಿರಲಿಲ್ಲ. ಆರನೆಯ ದಿನ ಮುಂದುವರಿಸಬಹುದಿತ್ತು. ಅದನ್ನು ಅವರಿಗೆ ಯಾರೂ ಹೇಳಲಿಲ್ಲ.

ಮೊಬೈಲಿನಲ್ಲಿ ಗಂಟೆ ಬಾರಿಸುವ ಆ್ಯಪ್‌ಗಳಿವೆ. ಮಗ್ಗದ ಸದ್ದಿನಲ್ಲಿ ಅದು ಕೇಳುವುದೇ ಅನುಮಾನ. ಆದರೆ ನೇಕಾರರ ಕೆಲಸದಲ್ಲೇ ಗಂಟೆಗಳಿವೆ. ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿದಾಗ ಕೈ ನಿಲ್ಲಲೇಬೇಕು, ಹೊಸ ಕಂಡಿಕೆ ಹಾಕಲೇಬೇಕು. ಪ್ರತಿ ಕಂಡಿಕೆಗೂ ನೀರು ಕುಡಿಯುತ್ತ ಕೂತರೆ ನೇಯ್ಗೆ ಸಾಗದು ನಿಜ. ಕಂಡಿಕೆಯ ಬುಟ್ಟಿ ಬರಿದಾಗಿ ಮತ್ತೆ ತುಂಬಿಸುವಾಗ ಒಂದು ಲೋಟ ಕುಡಿಯುವೆನೆಂದು ಗೊತ್ತುಮಾಡಿಕೊಂಡರೆ ನೆನಪಿಡುವ ಕೆಲಸ ಬುಟ್ಟಿಯದು. ಹಾಸಿನ ಮೇಲೆ ನೀರು ಚೆಲ್ಲೀತೆಂಬ ಅಂಜಿಕೆಯಿದ್ದರೆ ಬಾಯಿ ಬಿಗಿಯಾದ ಬಾಟಲಿಯನ್ನು ಮಗ್ಗದಿಂದ ಮೊಳ ದೂರ, ಕೈಗೆ ಎಟುಕುವಲ್ಲಿ ಇಡಬಹುದು. ಒಳಮನೆಯ ಹರವಿಯಲ್ಲಿರುವ ನೀರು ಎಷ್ಟು ತಂಪಾಗಿದ್ದರೂ ಎದ್ದು ಹೋಗಿ ಕುಡಿಯುವುದು ಅಪರೂಪ.

ಹೊಲದ ಲೆಕ್ಕ ಬೇರೆ. ಸೆಕೆಯಲ್ಲಿ ಮೈಮುರಿದು ದುಡಿಯುವವರು 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ 240 ಮಿಲಿ ಲೀಟರಿನಷ್ಟು, ಕುಡಿಯಬೇಕೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಂಟೆಗೆ ಸುಮಾರು 1.4 ಲೀಟರ್ ಮೀರಬಾರದೆಂಬ ಎಚ್ಚರಿಕೆಯೂ ಅದರ ಜೊತೆಗಿದೆ. ಬೆವರಿನಲ್ಲಿ ಉಪ್ಪು ಹೋಗಿರುತ್ತದೆ. ಬರೀ ನೀರನ್ನೇ ಒಮ್ಮೆಲೇ ಸುರುವಿಕೊಂಡರೆ ರಕ್ತದ ಸೋಡಿಯಂ ಇಳಿದು ಅಪಾಯವಾಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ ಇಲ್ಲಿ ಬೆಲೆ ಕಟ್ಟಲಾಗದ್ದು. ಕಳೆ ತೆಗೆಯುವವರು ಸಾಲು ಮುಗಿದು ತಿರುಗುವ ಬದುವಿನಲ್ಲಿ ಕೊಡ ಇಡಲಿ, ನೂರು ಹೆಜ್ಜೆ ಆಚೆಯ ಬೇವಿನ ನೆರಳಿನಲ್ಲಲ್ಲ.

ಎಲ್ಲರಿಗೂ ಈ ಮಾತು ಸಲ್ಲದು. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಹೃದಯ ಸೋತು ಕಾಲು ಬಾತವರು, ಯಕೃತ್ತಿನ ಕಾಯಿಲೆಯಿಂದ ಹೊಟ್ಟೆಯಲ್ಲಿ ನೀರು ತುಂಬಿದವರು ವೈದ್ಯರು ಹೇಳಿದ ಅಳತೆ ಮೀರಬಾರದು. ಆರು ತಿಂಗಳೊಳಗಿನ ಕೂಸಿಗೆ ಎಂಥ ಬೇಸಿಗೆಯಲ್ಲೂ ತಾಯಿಯ ಹಾಲೇ ಸಾಕು, ಚಮಚೆ ನೀರೂ ಬೇಡ.

ಇನ್ನು, ಯಾವ ನೀರು? ಗದಗ ಜಿಲ್ಲೆಯಲ್ಲಿ ಈ ಪ್ರಶ್ನೆ ತಪ್ಪಿಸಿಕೊಂಡು ಹೆಚ್ಚು ನೀರು ಕುಡಿಯಿರಿ ಎನ್ನುವುದು ಹೊಣೆಗೇಡಿತನ. ಜಿಲ್ಲೆಯ ಅಂತರ್ಜಲದಲ್ಲಿ, ಮುಂಡರಗಿ ಸೀಮೆಯಲ್ಲಂತೂ ವಿಶೇಷವಾಗಿ, ಫ್ಲೋರೈಡ್ ಇದೆ. ಆಳದ ಬಂಡೆಗಳ ಸಂದಿಯಲ್ಲಿ ಬಹುಕಾಲ ನಿಂತ ನೀರು ಅಲ್ಲಿನ ಖನಿಜಗಳಿಂದ ಅದನ್ನು ಕರಗಿಸಿಕೊಳ್ಳುತ್ತದೆ. ಕೊಳವೆಬಾವಿ ಆಳಕ್ಕಿಳಿದಷ್ಟೂ ಅಪಾಯ ಹೆಚ್ಚು. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕದ್ದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ಎರಡು ಲೀಟರ್ ಕುಡಿದರೆ ದೇಹಕ್ಕೆ 6 ಮಿಲಿಗ್ರಾಂ ಹೋಗುತ್ತದೆ. ಸಲಹೆ ಪಾಲಿಸಿ ನಾಲ್ಕು ಲೀಟರ್ ಕುಡಿದರೆ 12. ಮಕ್ಕಳ ಹಲ್ಲು ಮೂಡುವ ವಯಸ್ಸಿನಲ್ಲಿ ಇದು ಕಂದು ಕಲೆಯಾಗಿ ಉಳಿಯುತ್ತದೆ. ವರ್ಷಗಟ್ಟಲೆ ಸೇರುತ್ತ ಹೋದರೆ ಕೀಲು ಬಿಗಿದು ಬೆನ್ನು ಬಾಗುತ್ತದೆ. ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಔಷಧವಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಗಟ್ಟಿಯಾಗುತ್ತದೆ. ಅರಿವೆಯಲ್ಲಿ ಸೋಸಿದರೂ ತಾಮ್ರದ ಕೊಡದಲ್ಲಿಟ್ಟರೂ ಹೋಗುವುದಿಲ್ಲ. ಅದಕ್ಕೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ, ನಾಲಿಗೆಗೆ ಸಿಹಿಯಾದ ನೀರಿನಲ್ಲೂ ಇರಬಹುದು.

ಈ ಭಾಗದ ಹಳಬರು ಬಳಸಲು ಸವಳು ನೀರು, ಕುಡಿಯಲು ಕೆರೆಯ ನೀರು ಎಂದು ಬೇರ್ಪಡಿಸಿಯೇ ಬದುಕಿದವರು. ಮಳೆ ತುಂಬಿದ ಕೆರೆಯಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ, ಅಲ್ಲಿನ ಭಯ ರೋಗಾಣುಗಳದು, ಅದಕ್ಕೆ ಕುದಿಸುವುದು ಮದ್ದು. ಈಗ ತುಂಗಭದ್ರೆಯ ನೀರು ಬಹುಗ್ರಾಮ ಯೋಜನೆಗಳಲ್ಲಿ ಬರುತ್ತದೆ, ಆದರೆ ದಿನ ಬಿಟ್ಟು ದಿನ, ಕೆಲವೊಮ್ಮೆ ವಾರ ಬಿಟ್ಟು. ಗದಗಿನವರೇ ಆದ ಎಚ್.ಕೆ. ಪಾಟೀಲರು 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಶುದ್ಧ ಕುಡಿಯುವ ನೀರಿನ ಘಟಕಗಳು ರಾಜ್ಯದ ಹಳ್ಳಿಹಳ್ಳಿಗೆ ಹಬ್ಬಿದವು. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಆ ಘಟಕಗಳ ಆರ್‌ಒ ಪೊರೆ ಫ್ಲೋರೈಡನ್ನು ನಿಜಕ್ಕೂ ತಡೆಯುತ್ತದೆ. ಆದರೆ ಪೊರೆ ಕಾಲಕ್ಕೆ ಬದಲಾಗಬೇಕು, ಕೆಟ್ಟ ಮೋಟರು ರಿಪೇರಿಯಾಗಬೇಕು. ಘಟಕ ನಿಂತ ದಿನ ಮನೆಯವರು ಮತ್ತೆ ಕೊಳವೆಬಾವಿಗೆ ಕೊಡ ಒಡ್ಡುತ್ತಾರೆ. ನೀರು ಪರೀಕ್ಷೆ ಮಾಡಿಸುವುದು ಈಗ ದೂರದ ಮಾತಲ್ಲ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕು. ನಮ್ಮೂರಿನ ಆ ಐವರು ಯಾರೆಂದು ಪಂಚಾಯಿತಿಯಲ್ಲಿ ಕೇಳುವ ಹಕ್ಕು ಎಲ್ಲರಿಗೂ ಇದೆ.

ಕೊನೆಯ ಅಡ್ಡಿ ಹೆಚ್ಚಾಗಿ ಬಾಧಿಸುವುದು ಹೆಣ್ಣುಮಕ್ಕಳನ್ನು, ಅವರು ಅದನ್ನು ಬಾಯಿ ಬಿಟ್ಟು ಹೇಳುವುದೂ ಕಡಿಮೆ. ಕೂಲಿಗೆ ಹೋದ ಹೊಲದಲ್ಲಿ ಮರೆಯಿಲ್ಲ, ಬಸ್ ನಿಲ್ದಾಣದ ಶೌಚಾಲಯಕ್ಕೆ ಬೀಗ, ಶಾಲೆಯ ಶೌಚಾಲಯದಲ್ಲಿ ನೀರಿಲ್ಲ ಎಂದರೆ ಬೆಳಗಿನಿಂದಲೇ ನೀರು ಬಿಡುವುದು ಅವರಿಗೆ ಉಳಿದ ಒಂದೇ ದಾರಿ. ಅದರ ಬೆಲೆ ಉರಿಮೂತ್ರವಾಗಿ ಬರುತ್ತದೆ. ಮೂತ್ರನಾಳದ ಸೋಂಕು ಪದೇ ಪದೇ ಆಗುತ್ತಿದ್ದ, ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅರ್ಧ ಜನ ದಿನವೂ ಇನ್ನೂ ಒಂದೂವರೆ ಲೀಟರ್ ಕುಡಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕಾಯಿತು, ಮೊದಲಿನಂತೆಯೇ ಕುಡಿದವರಿಗೆ 3.2 ಸಲ. ಇಷ್ಟು ಸರಳ ಮದ್ದು ನಮ್ಮ ಹೆಣ್ಣುಮಕ್ಕಳಿಗೆ ದಕ್ಕದಿರುವುದು ನೀರಿನ ಕೊರತೆಯಿಂದ ಮಾತ್ರವಲ್ಲ.

ಕೇರಳದಲ್ಲಿ ಶಾಲಾ ಮಕ್ಕಳಿಗೆ ನೀರು ಕುಡಿಯಲೆಂದೇ ಗಂಟೆ ಬಾರಿಸುವುದು ಸುದ್ದಿಯಾದಾಗ, 2019ರ ನವೆಂಬರಿನಲ್ಲಿ, ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಕರ್ನಾಟಕದ ಶಾಲೆಗಳಲ್ಲೂ ಅದನ್ನು ತರಲು ಸೂಚಿಸಿದರು. ಒಳ್ಳೆಯ ಆಲೋಚನೆ, ಎಳೆಯ ವಯಸ್ಸಿನಲ್ಲಿ ಗಂಟೆಗೆ ಕಟ್ಟಿದ ರೂಢಿ ಬೇಗ ಕೂಡುತ್ತದೆ. ಶಿಗ್ಲಿಯಲ್ಲಾಗಲಿ ಮುಂಡರಗಿಯ ಕೊನೆಯ ಹಳ್ಳಿಯಲ್ಲಾಗಲಿ ಆ ಗಂಟೆ ಬಾರಿಸುವ ಮೊದಲು ಶಾಲಾಭಿವೃದ್ಧಿ ಸಮಿತಿಯವರು ಎರಡು ಕೆಲಸ ಮಾಡಲಿ: ಮಕ್ಕಳು ಬಾಟಲಿ ತುಂಬಿಸಿಕೊಳ್ಳುವ ನಲ್ಲಿಯ ಪಕ್ಕದ ಗೋಡೆಗೆ ಕಳೆದ ಪರೀಕ್ಷೆಯ ತಾರೀಖು ಮತ್ತು ಫ್ಲೋರೈಡಿನ ಅಂಕಿ ಬರೆಸಲಿ, ಹುಡುಗಿಯರ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿ ಅಲ್ಲಿಗೂ ನಲ್ಲಿ ಎಳೆಸಲಿ.