ಪೈಲಟ್ ಪಕ್ಕದ ಸೀಟು

ದೇವನಹಳ್ಳಿಯಲ್ಲಿ 2008ರಲ್ಲಿ ನಿಲ್ದಾಣ ತೆರೆದ ಮೇಲೆ ಕೈವಾರದ ಮಕ್ಕಳಿಗೆ ವಿಮಾನ ಹೊಸದಲ್ಲ. ಹತ್ತುವುದು ಹೇಗೆ? ಪೈಲಟ್ ತರಬೇತಿಗೆ ಲಕ್ಷಾಂತರ ರೂಪಾಯಿ ಬೇಕು. ಆದರೆ ಎನ್‌ಸಿಸಿಯಲ್ಲಿ 1950ರಲ್ಲೇ ಶುರುವಾದ ವಾಯು ವಿಭಾಗವಿದೆ. ಆಯ್ಕೆಯಾದ ಕೆಡೆಟ್‌ಗಳನ್ನು ಮೈಕ್ರೋಲೈಟ್ ವಿಮಾನದಲ್ಲಿ ಹಾರಿಸುತ್ತಾರೆ. ನಮ್ಮ ಕಡೆಯವರಿಗೆ ಹತ್ತಿರದ್ದು ಬೆಂಗಳೂರಿನ ಜಕ್ಕೂರು.

ಅದರಲ್ಲಿರುವುದು ಅಕ್ಕಪಕ್ಕ ಎರಡೇ ಸೀಟು. ಹಾರುವ ಮೊದಲು ಕೂರುವವರ ತೂಕವನ್ನೂ ಲೆಕ್ಕ ಹಾಕಬೇಕು. ಭಾರ ಮಿತಿ ಮೀರಿದರೆ, ಗುರುತ್ವಕೇಂದ್ರ ತೀರ ಹಿಂದೆ ಸರಿದರೆ ವಿಮಾನ ಹತೋಟಿ ತಪ್ಪೀತು. ಚಿಂತಾಮಣಿ ಬಸ್ಸಿನಂತೆ 'ಸ್ವಲ್ಪ ಜರುಗಿ' ಎನ್ನುವಂತಿಲ್ಲ!

ಎಲ್ಲ ಕಾಲೇಜುಗಳಲ್ಲೂ ವಾಯು ವಿಭಾಗವಿಲ್ಲ. ಪ್ರವೇಶಕ್ಕೆ ಮೊದಲೇ ವಿಚಾರಿಸಬೇಕು. ಹುಡುಗಿಯರಿಗೂ ಅವಕಾಶವುಂಟು. ಅರ್ಜಿಗೆ ಪೋಷಕರ ಸಹಿ ಬೇಕು. ಎಷ್ಟೋ ಮಕ್ಕಳ ಹಾರಾಟ ನಿಲ್ಲುವುದು ಅಲ್ಲೇ, ನೆಲದ ಮೇಲೆ.