ಅಂಕ ಕಡಿಮೆಯಾದರೆ ರಂಗ ದೂರವೇ?

‘ತಾತ, ಡಿಗ್ರಿ ಹೇಗೋ ಪಾಸಾಗಿದ್ದೇನೆ. ನಾಟಕ ಕಲಿಯುವ ಆಸೆ. ಈ ಅಂಕಕ್ಕೆ ಸೀಟು ಯಾರು ಕೊಡುತ್ತಾರೆ?’ ಎಂದು ಓದುಗ ಹುಡುಗಿಯೊಬ್ಬಳು ಕೇಳಿದ್ದಾಳೆ. ಅರ್ಜಿ ಹಾಕುವುದೇ ದಂಡ ಎನ್ನುತ್ತಾರಂತೆ ಮನೆಯವರು.

ಹಾಕಮ್ಮ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ತನ್ನ ಮೂರು ವರ್ಷದ ಕೋರ್ಸಿಗೆ ಡಿಗ್ರಿ ಕೇಳುತ್ತದೆ, ನಿಜ. ಜೊತೆಗೆ ನಾಟಕಗಳಲ್ಲಿ ದುಡಿದ ಅನುಭವ, ಹಿಂದಿ ಮತ್ತು ಇಂಗ್ಲಿಷಿನ ತಿಳಿವಳಿಕೆಯೂ ಬೇಕು. ಆದರೆ ಆಯ್ಕೆ ನಡೆಯುವುದು ಆಡಿಷನ್ನಿನಲ್ಲಿ, ಆಮೇಲೆ ಕೆಲವು ದಿನಗಳ ಕಾರ್ಯಾಗಾರದಲ್ಲಿ. ಅಲ್ಲಿ ಮಾತಾಡಬೇಕಾದ್ದು ನೀನು, ನಿನ್ನ ಅಂಕಪಟ್ಟಿ ಅಲ್ಲ. ನಮ್ಮಲ್ಲೇ ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ನೀನಾಸಮ್ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ಅಲ್ಲಿ ಕಲಿತು ಬಳಿಕ ದೆಹಲಿಗೆ ಹೋದವರಿದ್ದಾರೆ. ವಿಶ್ವವಿದ್ಯಾಲಯದ ಎಂ.ಎ.ಗಳಲ್ಲಿ ಮಾತ್ರ ಕನಿಷ್ಠ ಅಂಕದ ನಿಯಮ ಇರಬಹುದು. ಪ್ರಕಟಣೆ ಪೂರ್ತಿ ಓದಿಯೇ ಫೀಸು ಕಟ್ಟು.

ಅಂಕಪಟ್ಟಿ ಹಳೆಯ ಲೆಡ್ಜರ್ ಇದ್ದ ಹಾಗೆ, ತಿದ್ದಲು ಬರುವುದಿಲ್ಲ. ಹೊಸ ಪುಟಕ್ಕೆ ಜಮೆ ಮಾಡಬಹುದು. ಇವತ್ತೇ ಒಂದು ಫೈಲು ಮಾಡು: ನಾಟಕದ ಹೆಸರು, ದಿನಾಂಕ, ನಿನ್ನ ಕೆಲಸ, ಕರಪತ್ರ, ಫೋಟೊ, ನಿರ್ದೇಶಕರ ಪತ್ರ. ಪರದೆ ಎಳೆದಿದ್ದರೆ ಅದನ್ನೂ ಬರೆ. ಅಂಕ ಏಕೆ ಕಡಿಮೆ ಎಂದು ಯಾರಾದರೂ ಕೇಳಿದರೆ ಎರಡೇ ಮಾತಿನಲ್ಲಿ ನಿಜ ಹೇಳು, ನೆಪ ಬೇಡ.

ಅಪ್ಪ ಅಮ್ಮಂದಿರೇ, ಸೀಟು ಕಡಿಮೆ, ಕೇಳುವವರು ಬಹಳ. ಸಿಗದೆಯೂ ಹೋಗಬಹುದು. ಆದರೆ ‘ಇಲ್ಲ’ ಎನ್ನುವುದು ಆಯ್ಕೆ ಸಮಿತಿಯ ಕೆಲಸ. ಅದನ್ನು ಮನೆಯಲ್ಲೇ ಮಾಡಿ ಮುಗಿಸಬೇಡಿ.