ಅಡಿಕೆಗೆ ಪರ್ಯಾಯ ಹುಡುಕುವಾಗ ನೆನಪಾಗಬೇಕಾದ ವೆನಿಲ್ಲಾ

ಬಂಟ್ವಾಳ: ಎಲೆಚುಕ್ಕಿ ಹಾಗೂ ಹಳದಿ ಎಲೆ ರೋಗಗಳಿಂದ ದಕ್ಷಿಣ ಕನ್ನಡದ ಅಡಿಕೆ ತೋಟಗಳು ಸೊರಗುತ್ತಿರುವಂತೆಯೇ ಪರ್ಯಾಯ ಬೆಳೆಯ ಚರ್ಚೆ ಬಿರುಸುಗೊಂಡಿದೆ. ಕಾಫಿ, ಜಾಯಿಕಾಯಿ, ರಂಬುಟಾನ್, ಡ್ರ್ಯಾಗನ್ ಹಣ್ಣು ಹೀಗೆ ಒಂದರ ಹಿಂದೊಂದು ಹೆಸರು ಕೇಳಿಬರುತ್ತಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ಕೃಷಿಕರಿಗೆ ಇಂತಹ ಉತ್ಸಾಹ ಹೊಸತೇನಲ್ಲ. ಎರಡು ದಶಕಗಳ ಹಿಂದೆ ಮನೆಯಂಗಳದ ಗ್ಲಿರಿಸಿಡಿಯಾ ಗಿಡಗಳಿಗೆ ಹಬ್ಬಿದ್ದ ವೆನಿಲ್ಲಾ ಬಳ್ಳಿಯನ್ನು ಮರೆತವರು ಇಲ್ಲಿ ವಿರಳ.

2000ದ ಏಪ್ರಿಲ್‌ನಲ್ಲಿ ಹುದಾ ಚಂಡಮಾರುತವು ಜಗತ್ತಿನ ಪ್ರಮುಖ ವೆನಿಲ್ಲಾ ಉತ್ಪಾದಕ ದೇಶವಾದ ಮಡಗಾಸ್ಕರ್‌ಗೆ ಅಪ್ಪಳಿಸಿತು. ಸಂಸ್ಕರಿಸಿದ ಬೀನ್ಸಿನ ದರ 2003ರ ವೇಳೆಗೆ ಕಿಲೋಗೆ 500 ಡಾಲರ್‌ವರೆಗೂ ಏರಿತು. ಇಲ್ಲಿ ಹಸಿ ಬೀನ್ಸಿಗೇ ಸಾವಿರಾರು ರೂಪಾಯಿ. ಕಳ್ಳರ ಕಾಟಕ್ಕೆ ಹೆದರಿ ರಾತ್ರಿಯಿಡೀ ತೋಟ ಕಾಯಬೇಕಾಯಿತು. ಬಳ್ಳಿಯ ತುಂಡುಗಳಿಗೂ ಬೇಡಿಕೆ ಬಂತು. ಅಂದಿನ ನಿಜವಾದ ಲಾಭ ತುಂಡು ಮಾರಿದವರಿಗೇ ದಕ್ಕಿತೆಂದರೆ ತಪ್ಪಾಗಲಾರದು.

ಬಳ್ಳಿ ಹೂ ಬಿಡಲು ಸುಮಾರು ಮೂರು ವರ್ಷ ಬೇಕು. ಆದ್ದರಿಂದ ದರ ತುತ್ತತುದಿಯಲ್ಲಿದ್ದಾಗ ನೆಟ್ಟವರಿಗೆ ಫಸಲು ಸಿಕ್ಕಿದ್ದು ದರ ಕುಸಿದ ಮೇಲೆ. ಮಡಗಾಸ್ಕರ್ ಚೇತರಿಸಿಕೊಂಡಿತ್ತು, ಉಗಾಂಡಾ, ಪಪುವಾ ನ್ಯೂಗಿನಿಗಳೂ ಕಣಕ್ಕಿಳಿದಿದ್ದವು, ದುಬಾರಿ ಬೆಲೆಗೆ ಬೇಸತ್ತ ಐಸ್‌ಕ್ರೀಂ ತಯಾರಕರು ಕೃತಕ ವೆನಿಲಿನ್‌ಗೆ ಮೊರೆಹೋಗಿದ್ದರು. 2005ರ ಹೊತ್ತಿಗೆ ವಿಶ್ವದರ 50 ಡಾಲರ್‌ಗಿಂತ ಕೆಳಗಿಳಿಯಿತು. ಸೊರಗು ರೋಗ ಉಳಿದ ಬಳ್ಳಿಗಳನ್ನೂ ಬಲಿ ತೆಗೆದುಕೊಂಡಿತು.

ಬೆಳೆಯ ಸ್ವಭಾವವೂ ಇಲ್ಲಿ ಗಮನಾರ್ಹ. ಮೆಕ್ಸಿಕೋ ಮೂಲದ ಈ ಆರ್ಕಿಡ್‌ನ ಹೂ ಅರಳಿದ ದಿನವೇ, ಮಧ್ಯಾಹ್ನದೊಳಗೆ, ಪ್ರತಿಯೊಂದನ್ನೂ ಚೂಪು ಕಡ್ಡಿಯಿಂದ ಕೈಯಾರೆ ಪರಾಗಸ್ಪರ್ಶ ಮಾಡಿಸಬೇಕು. ಕಾಯಿ ಬಲಿಯಲು ಒಂಬತ್ತು ತಿಂಗಳು. ಬಳಿಕ ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ಬಿಸಿಲಿಗೂ ನೆರಳಿಗೂ ಹಾಕುತ್ತ ತಿಂಗಳುಗಟ್ಟಲೆ ಒಣಗಿಸಬೇಕು. ಒಂದು ಕಿಲೋ ಸಂಸ್ಕರಿತ ಬೀನ್ಸಿಗೆ ಐದಾರು ಕಿಲೋ ಹಸಿ ಕಾಯಿ ಬೇಕು. ಮನೆಮಂದಿಯೇ ನೋಡಿಕೊಳ್ಳುವ ಐವತ್ತು ಬಳ್ಳಿಗಳಿಗೆ ಇದು ಹೊರೆಯಲ್ಲ. ಕೂಲಿಯಾಳು ಸಿಗದ ಈ ದಿನಗಳಲ್ಲಿ ಎಕರೆಗಟ್ಟಲೆ ತೋಟಕ್ಕೆ ಮಾತ್ರ ಲೆಕ್ಕ ಬೇರೆ.

ಬೆಲೆಯ ಆಟ ಅಲ್ಲಿಗೇ ನಿಂತಿಲ್ಲ. 2017ರ ಎನಾವೋ ಚಂಡಮಾರುತದ ಬಳಿಕ ದರ ಮತ್ತೆ 600 ಡಾಲರ್ ಆಸುಪಾಸಿಗೆ ಜಿಗಿಯಿತು. ಮಡಗಾಸ್ಕರ್ ಸರಕಾರ 2020ರಲ್ಲಿ 250 ಡಾಲರ್ ಕನಿಷ್ಠ ರಫ್ತು ದರ ನಿಗದಿಪಡಿಸಿ, 2023ರಲ್ಲಿ ಅದನ್ನು ಕೈಬಿಟ್ಟಿತು. ದರ ಪುನಃ ನೆಲ ಕಚ್ಚಿತು. ಅಲ್ಲಿನ ಗಾಳಿ, ಅಲ್ಲಿನ ಆದೇಶ. ಇಲ್ಲಿನ ಅಂಗಳಕ್ಕೆ ಪೆಟ್ಟು.

ಇದಕ್ಕೆ ಎದುರಾಗಿ ಕೊಕ್ಕೋ ಕಥೆಯನ್ನಿಡಬಹುದು. 1980ರ ದಶಕದ ಆರಂಭದಲ್ಲಿ ಕೊಕ್ಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟಾಗ, ಅಡಿಕೆಗೆಂದು 1973ರಲ್ಲಿ ಹುಟ್ಟಿದ್ದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಖರೀದಿಗಿಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಅಡಿಕೆಯ ನೆರಳಿನಲ್ಲಿ ಕೊಕ್ಕೋ ಇಂದಿಗೂ ಉಳಿದಿದೆ. ವೆನಿಲ್ಲಾಕ್ಕೆ ಅಂಥ ಆಸರೆ ಸಿಗಲಿಲ್ಲ.

ರಂಬುಟಾನ್ ಆಗಲಿ, ಡ್ರ್ಯಾಗನ್ ಹಣ್ಣಾಗಲಿ, ಈ ಮಣ್ಣಿನಲ್ಲಿ ಬೆಳೆಯಬಲ್ಲದು ಎಂಬುದರಲ್ಲಿ ಅನುಮಾನವಿಲ್ಲ. ವೆನಿಲ್ಲಾವೂ ಚೆನ್ನಾಗಿಯೇ ಬೆಳೆದಿತ್ತು. ಸಸಿ ವಿತರಣೆ, ಸಹಾಯಧನಗಳ ಮಾತಿಗೆ ಮುನ್ನ ಕೊಯ್ಲಿನ ದಿನ ಖರೀದಿಸುವವರು ಯಾರು, ಸಂಸ್ಕರಣೆ ಎಲ್ಲಿ ಎಂಬ ಪ್ರಶ್ನೆಗೆ ತೋಟಗಾರಿಕೆ ಇಲಾಖೆಯೂ ಸಹಕಾರಿ ಸಂಘಗಳೂ ಉತ್ತರಿಸಬೇಕಾಗಿದೆ.